ಪೀಣ್ಯದ ಹುಡುಗನ ಮಾತು ತಿದ್ದಿದವರು ಯಾರು? ತರಗತಿಯಿಂದ ಅಚ್ಚಿಗೆ ಹೋದ ಒಂದು ಕಥಾಸಂಕಲನದ ಪ್ರಕರಣ ಅಧ್ಯಯನ

ಬೆಂಗಳೂರು ದಕ್ಷಿಣದ ಒಂದು ಕಾಲೇಜಿನ ಸ್ನಾತಕೋತ್ತರ ಕನ್ನಡ ವಿಭಾಗದಲ್ಲಿ ಸೃಜನಶೀಲ ಬರವಣಿಗೆ ಐಚ್ಛಿಕ ಪತ್ರಿಕೆ. ಪಾಠ ಮಾಡುವವರು ಸಮಕಾಲೀನ ಸಾಹಿತ್ಯದಲ್ಲಿ ಕೆಲಸ ಮಾಡಿರುವ ಸಹ ಪ್ರಾಧ್ಯಾಪಕಿ. ಒಂದು ಸೆಮಿಸ್ಟರಿನ ಕಮ್ಮಟದಲ್ಲಿ ಬಂದ ಕಥೆಗಳಿಂದ 14 ಆರಿಸಿ ಸಂಕಲನ ತರುವುದೆಂದು ತೀರ್ಮಾನವಾಯಿತು. ನಗರದ ಸಣ್ಣ ಪ್ರಕಾಶನವೊಂದು 1/8 ಡೆಮಿ ಆಕಾರದಲ್ಲಿ 176 ಪುಟ, 500 ಪ್ರತಿ ಅಚ್ಚು ಹಾಕಿಸಲು ಒಪ್ಪಿತು. ಎರಡನೇ ಕರಡು ಕಥೆಗಾರರ ಕೈಗೆ ಹೋದಾಗ ಕಲಬುರಗಿ ಕಡೆಯ ವಿದ್ಯಾರ್ಥಿಯೊಬ್ಬ ತನ್ನ ಕಥೆಯನ್ನು ತೆಗೆದುಬಿಡಿ ಎಂದು ಬರೆದುಕೊಟ್ಟ. ಅಚ್ಚಿನ ಪ್ಲೇಟ್ ಇನ್ನೂ ಆಗಿರಲಿಲ್ಲ. ಆದರೆ ಬಿಡುಗಡೆಗೆ ಸಭಾಂಗಣ ಗೊತ್ತಾಗಿತ್ತು, ಆಹ್ವಾನ ಪತ್ರಿಕೆಯೂ ಸಿದ್ಧವಾಗಿತ್ತು.

ಕಾಲೇಜು, ಪ್ರಕಾಶನ, ವ್ಯಕ್ತಿಗಳ ಹೆಸರು ಇಲ್ಲಿ ಬೇಕಿಲ್ಲ. ಇಂಥ ಸಂಕಲನಗಳು ಬೆಂಗಳೂರಿನ ಕಾಲೇಜುಗಳಿಂದ ಆಗಾಗ ಬರುತ್ತವೆ, ಒಳಗಿನ ತೊಡಕೂ ಹೆಚ್ಚುಕಡಿಮೆ ಇದೇ ಬಗೆಯದು. ಅಧ್ಯಾಪಕರು ಮುನ್ನುಡಿ ಬರೆಯುತ್ತಾರೆ, ಡಿಟಿಪಿಯವರು ಪುಟ ಕಟ್ಟುತ್ತಾರೆ, ಕರಡು ತಿದ್ದುವವರು ಕಾಗುಣಿತ ನೋಡುತ್ತಾರೆ. ಕಥೆಗಾರನಿಗೂ ಅಚ್ಚಿಗೂ ನಡುವೆ ನಿಂತು, ಯಾವುದನ್ನು ಮುಟ್ಟಬೇಕು ಯಾವುದನ್ನು ಮುಟ್ಟಬಾರದು ಎಂದು ಹೇಳುವ ಸಂಪಾದಕರ ಜಾಗ ಮಾತ್ರ ಖಾಲಿ ಇರುತ್ತದೆ. ಮುಖಪುಟದ ಮೇಲೆ ಸಂಪಾದಕರ ಹೆಸರು ಇದ್ದರೂ ಖಾಲಿಯೇ.

ಕಥೆ ಮತ್ತು ಕರಡು

ಆ ವಿದ್ಯಾರ್ಥಿಯ ಕಥೆ ಇದು: ಕಲಬುರಗಿ ಸೀಮೆಯಿಂದ ದುಡಿಯಲು ಬಂದು ಪೀಣ್ಯದಲ್ಲಿ ಬಾಡಿಗೆ ಕೋಣೆ ಹಿಡಿದ ಕುಟುಂಬ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಕಥೆ ಹೇಳುವವನು ಎಂಟು ವರ್ಷದ ಮಗ. ಐದು ಭಾಗಗಳಿರುವ ಕಥೆಯಲ್ಲಿ ಮೊದಲ ಮೂರು ಭಾಗಗಳ ನಿರೂಪಣೆ ಪೂರ್ತಿ ಕಲಬುರಗಿ ಮಾತು. ಶಾಲೆಗೆ ಸೇರಿದ ಮೇಲೆ, ನಾಲ್ಕನೇ ಭಾಗದಲ್ಲಿ, ಅಲ್ಲೊಂದು ಇಲ್ಲೊಂದು ಬೆಂಗಳೂರಿನ ರೂಪ ನುಸುಳುತ್ತದೆ. ಐದನೆಯದರಲ್ಲಿ ಹುಡುಗ ಬೆಂಗಳೂರಿನವರ ಹಾಗೇ ಮಾತಾಡುತ್ತಾನೆ, ತಾಯಿಯ ಮಾತು ಮೊದಲಿನಂತೆಯೇ ಇರುತ್ತದೆ. ಕಥೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. ಮಗನ ಮಾತು ತಾಯಿಯ ಮಾತಿನಿಂದ ದೂರವಾಗುವುದೇ ಘಟನೆ.

ಹಸ್ತಪ್ರತಿಯ ಮೊದಲ ಪುಟದಲ್ಲಿ ಇದ್ದದ್ದು:

"ಅವ್ವ ಇನ್ನಾ ಮಿಷಿನ್ ಮುಂದ ಕುಂತಾಳ. ಹೊಲಿಲಕತ್ತಾಳ. ಮನಿಗಿ ಯಾವಾಗ ಬರ್ತಾಳೋ ಯಾರಿಗಿ ಗೊತ್ತು."

ಎರಡನೇ ಕರಡಿನಲ್ಲಿ ಬಂದದ್ದು:

"ಅವ್ವ ಇನ್ನೂ ಮಿಷನ್ ಮುಂದೆ ಕುಂತಾಳೆ. ಹೊಲಿಯಾಕತ್ತಾಳೆ. ಮನೆಗೆ ಯಾವಾಗ ಬರ್ತಾಳೋ ಯಾರಿಗೆ ಗೊತ್ತು."

ಶಿಷ್ಟಕನ್ನಡ ಮಾಡಿಬಿಟ್ಟರು ಎಂದು ಹೇಳಿ ಮುಗಿಸುವಂಥ ತಿದ್ದುಪಡಿ ಅಲ್ಲ ಇದು. 'ಮುಂದೆ', 'ಮನೆಗೆ' ಬರಹದ ಕನ್ನಡ. 'ಕುಂತಾಳೆ' ಹಳೆ ಮೈಸೂರು ಕಡೆಯ ಕೊನೆ. 'ಆಕತ್ತ' ಎಂಬುದು ಧಾರವಾಡ-ಹುಬ್ಬಳ್ಳಿ ಕಡೆಯ ರೂಪ. ಕಲಬುರಗಿಯಲ್ಲಿ ಆ ಜಾಗಕ್ಕೆ 'ಲಕತ್ತ', 'ಲತ್ತ' ಬರುತ್ತದೆ. ಬೆಂಗಳೂರಿನಲ್ಲಿ ಕೂತು ನಾಟಕ, ಸಿನಿಮಾ ನೋಡಿದ ಕಿವಿಗೆ ಉತ್ತರ ಕರ್ನಾಟಕ ಎಂದರೆ 'ಆಕತ್ತ'ವೇ. ಹೀಗೆ ಮೂರು ಪುಟ್ಟ ವಾಕ್ಯಗಳಲ್ಲಿ ಮೂರು ಸೀಮೆಯ ಕನ್ನಡ ಸೇರಿಕೊಂಡು, ಯಾವ ಊರಿನ ಮಗುವೂ ಆಡದ ಮಾತಾಯಿತು. ಐದನೇ ಭಾಗದಲ್ಲಿ ಮೊದಲ ಬಾರಿಗೆ ಬರಬೇಕಿದ್ದ 'ಮನೆಗೆ' ಮೊದಲ ಪುಟದಲ್ಲೇ ಬಂದು ಕೂತಿತು. "ಮೇಡಂ, ಇದು ನಮ್ಮ ಕಡಿ ಮಾತಲ್ರೀ. ಹುಡುಗ ಶುರುನಾಗೇ ಬೆಂಗಳೂರಿನಂವ ಆಗ್ಯಾನ" ಎಂದು ವಿದ್ಯಾರ್ಥಿ ಹೇಳಿದ್ದು ಭಾಷೆಯ ಅಭಿಮಾನದ ಮಾತಲ್ಲ. ಕಥೆಯ ಕಟ್ಟಡವೇ ಕುಸಿದಿತ್ತು.

ತಪ್ಪು ಎಲ್ಲಿಂದ ಶುರುವಾಯಿತು

ಕರಡು ತಿದ್ದಿದವರ ಮೇಲೆ ಎಲ್ಲವನ್ನೂ ಹಾಕುವುದು ಸುಲಭ. ಆದರೆ ಕಡತಗಳ ಹಾದಿ ಹಿಡಿದು ಹಿಂದಕ್ಕೆ ಹೋದರೆ ಬೇರೆ ಚಿತ್ರ ಸಿಗುತ್ತದೆ.

14 ಕಥೆಗಳಲ್ಲಿ 5 ಹಳೆಯ ನುಡಿ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿದ್ದವು, 7 ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿ, ಅವುಗಳಲ್ಲೂ ಹೆಚ್ಚಿನವು ಫೋನ್‌ನಲ್ಲಿ ಬರೆದವು. ಎರಡು ಕೈಬರಹ. ಪ್ರಕಾಶನದ ಡಿಟಿಪಿ ನಡೆಯುತ್ತಿದ್ದದ್ದು ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ, ಆಸ್ಕಿ ಫಾಂಟ್‌ನಲ್ಲಿ. ಪೀಣ್ಯದ ಕಥೆ ಯೂನಿಕೋಡ್‌ನದು. ಅದನ್ನು ಆಸ್ಕಿಗೆ ಪರಿವರ್ತಿಸಿ ಹಾಕಲಾಯಿತು. ಆಸ್ಕಿ ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳು ಕೂತಿರುತ್ತವೆ. ಹಾಗಾಗಿ ಕಥೆಯಲ್ಲಿ ಕಾರ್ಖಾನೆಯ ಬೋರ್ಡಿನ ಹೆಸರು ರೋಮನ್ ಲಿಪಿಯಲ್ಲಿ ಇದ್ದ ಕಡೆ ಅರ್ಥವಿಲ್ಲದ ಕನ್ನಡ ಬಂತು. ಕೆಲವು ಉದ್ಧರಣ ಚಿಹ್ನೆಗಳು ಒತ್ತಕ್ಷರಗಳಾದವು. 'ಬಸ್‌ಸ್ಟ್ಯಾಂಡ್'ನಂಥ ಪದದಲ್ಲಿ ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆ ಇರುತ್ತದಲ್ಲ, ಅದು ಕೆಲವೆಡೆ ಚೌಕ ಡಬ್ಬಿಯಾಯಿತು, ಕೆಲವೆಡೆ ಮಾಯವಾಗಿ ಅಕ್ಷರಗಳು ಒಂದರ ಕೆಳಗೊಂದು ಜೋತುಬಿದ್ದವು. ಅಲ್ಲಲ್ಲಿ ಎತ್ವ, ದೀರ್ಘ ಬಿದ್ದುಹೋದವು.

ಇಂಥ ಕರಡು ಕೈಗೆ ಬಂದಾಗ ತಿದ್ದುವವರ ಕಣ್ಣಿಗೆ ಪುಟದ ಪ್ರತಿ ಪದವೂ ಅನುಮಾನದ್ದೇ. 'ಮುಂದ' ಎಂದಿದ್ದರೆ ಎತ್ವ ಬಿದ್ದಿದೆ ಎಂದು ಅನಿಸುವುದು ಸಹಜ, ಏಕೆಂದರೆ ಎರಡು ಸಾಲು ಮೇಲೆ ನಿಜಕ್ಕೂ ಒಂದು ಎತ್ವ ಬಿದ್ದಿತ್ತು. 'ಕುಂತಾಳ' ಕಂಡರೂ ಅದೇ ಕಥೆ. ಹಸ್ತಪ್ರತಿ ಪಕ್ಕದಲ್ಲಿದ್ದಿದ್ದರೆ ಹೋಲಿಸಬಹುದಿತ್ತು. ಅವರಿಗೆ ಕೊಟ್ಟದ್ದು ಕರಡಿನ ಹಾಳೆ ಮಾತ್ರ. ಕೂಲಿ ಫಾರಂ ಲೆಕ್ಕದಲ್ಲಿ, ಅಂದರೆ 16 ಪುಟಕ್ಕೆ ಇಷ್ಟು ಎಂದು. ನಿಂತು ಪ್ರಶ್ನೆ ಬರೆದರೆ ಹೊತ್ತು ಹೋಗುತ್ತದೆ, ದುಡ್ಡು ಹೆಚ್ಚುವುದಿಲ್ಲ. ಜೊತೆಗೆ ಸಂಭಾಷಣೆ ಆಡುಮಾತಲ್ಲಿ ಇರಬಹುದು, ನಿರೂಪಣೆ ಬರಹದ ಕನ್ನಡದಲ್ಲೇ ಇರಬೇಕು ಎಂಬ ಬರೆಯದ ಕಟ್ಟಳೆಯೊಂದು ಅಚ್ಚಿನ ಮನೆಗಳಲ್ಲಿ ಬಹುಕಾಲದಿಂದ ಇದೆ. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲೇ ಆ ಕಟ್ಟಳೆಯನ್ನು ದಾಟಿದೆ. ಕಲಬುರಗಿ ಮಾತನ್ನು ಕಾದಂಬರಿಗೆ ತಂದ ಗೀತಾ ನಾಗಭೂಷಣರ 'ಬದುಕು' ಕೃತಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ತರಗತಿಯಲ್ಲಿ ಇವನ್ನು ಪಾಠ ಮಾಡುವುದು ಒಂದು, ಅದೇ ತಿಳಿವಳಿಕೆಯನ್ನು ಕರಡಿನ ಹಾಳೆಗೆ ಮುಟ್ಟಿಸುವುದು ಇನ್ನೊಂದು.

ಅಧ್ಯಾಪಕಿಯ ಕೈಯೂ ಇದರಲ್ಲಿ ಇತ್ತು. ಮೌಲ್ಯಮಾಪನದ ಹೊತ್ತಿನಲ್ಲಿ ನಾಲ್ಕನೇ ಭಾಗದ ಪಕ್ಕ ಕೆಂಪು ಶಾಯಿಯಲ್ಲಿ "ಭಾಷೆಯಲ್ಲಿ ಏಕರೂಪತೆ ಇಲ್ಲ" ಎಂದು ಬರೆದು ಅಂಕ ಕಳೆದಿದ್ದರು. ಅಂಕ ಹಾಕುವಾಗ ಓದುವುದೇ ತಪ್ಪು ಹುಡುಕಲು. ಸಂಪಾದನೆಗೆ ಓದುವಾಗ ಮೊದಲು ಕೇಳಬೇಕಾದದ್ದು, ಇದು ಬೇಕೆಂದೇ ಮಾಡಿದ್ದೋ ಎಂದು. ಎರಡೂ ಓದು ಒಬ್ಬರದೇ ಆದಾಗ, ಮೊದಲನೆಯದು ಎರಡನೆಯದನ್ನು ನುಂಗಿಹಾಕುತ್ತದೆ.

ಆತುರಕ್ಕೂ ಕಾರಣವಿತ್ತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ರಾಷ್ಟ್ರೀಯ ಮಟ್ಟದ ಪ್ರಕಾಶಕರು ತಂದ ಪುಸ್ತಕದ ಸಂಪಾದಕರಿಗೆ 8 ಅಂಕ. ಸ್ವಂತ ಪುಸ್ತಕಕ್ಕೆ 10, ಅನುವಾದಿತ ಪುಸ್ತಕಕ್ಕೆ 8. ಬಡ್ತಿಯ ಅರ್ಜಿಗೆ ಪುಸ್ತಕ ಕೈಯಲ್ಲಿರಬೇಕು, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇರಬೇಕು. ಒಳಗೆ ಸಂಪಾದನೆ ನಡೆದಿದೆಯೇ ಎಂದು ಆ ಪಟ್ಟಿ ಕೇಳುವುದಿಲ್ಲ. ಇದನ್ನು ಆ ಅಧ್ಯಾಪಕಿಯ ದೋಷವೆಂದು ನಾವು ಎಣಿಸುವುದಿಲ್ಲ. ಆದರೆ ತಾರೀಖು ಮೊದಲು ಗೊತ್ತುಮಾಡಿ ಪುಸ್ತಕವನ್ನು ಅದಕ್ಕೆ ತಕ್ಕಂತೆ ಓಡಿಸುವ ರೂಢಿಗೆ ಇಂಥ ಲೆಕ್ಕಾಚಾರ ಇಂಬು ಕೊಡುತ್ತದೆ.

ಹೇಗೆ ಸರಿಪಡಿಸಿದರು

ಮೊದಲು ಬಿಡುಗಡೆ ಮುಂದಕ್ಕೆ ಹೋಯಿತು. ಇದು ಆಗದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ಆಮೇಲೆ ಪ್ರತಿ ಕಥೆಗೂ ಒಂದು ಮೂಲಪ್ರತಿ ಗೊತ್ತುಮಾಡಿದರು: ಕಥೆಗಾರ ಕೊನೆಯದೆಂದು ಒಪ್ಪಿ ಕಳಿಸಿದ ಕಡತ, ಅದರ ಪಿಡಿಎಫ್, ಅದರ ಮೇಲೆ ತಾರೀಖು. ಆ ಪಿಡಿಎಫ್ ಅನ್ನು ಯಾರೂ ಬದಲಿಸುವಂತಿಲ್ಲ. ವಾಟ್ಸಾಪ್‌ನಲ್ಲಿ ತುಂಡು ತುಂಡಾಗಿ ಬಂದಿದ್ದ ತಿದ್ದುಪಡಿಗಳನ್ನೆಲ್ಲ ಅದರೊಳಗೆ ತಂದಾದ ಮೇಲೆಯೇ ತಾರೀಖು ಬಿದ್ದದ್ದು.

ಪೇಜ್‌ಮೇಕರ್ ಕೈಬಿಟ್ಟು ಇಡೀ ಪುಸ್ತಕವನ್ನು ಯೂನಿಕೋಡ್‌ನಲ್ಲಿ, ಇನ್‌ಡಿಸೈನ್‌ನಲ್ಲಿ ಮತ್ತೆ ಕಟ್ಟಿದರು. ಇಲ್ಲಿ ಒಂದು ಎಚ್ಚರ ಬೇಕು. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ; ಫಾಂಟ್ ಕೆಟ್ಟಿದೆ ಎಂದು ಫಾಂಟ್ ಬದಲಿಸುತ್ತಾ ದಿನ ಕಳೆಯುವವರಿದ್ದಾರೆ.

ಈಗ ತೊಂದರೆ ಉಲ್ಟಾ ದಿಕ್ಕಿನಿಂದ ಬಂತು. ನುಡಿಯಲ್ಲಿದ್ದ 5 ಕಥೆಗಳು ಯೂನಿಕೋಡ್ ಆಗಬೇಕಿತ್ತು. ಆಸ್ಕಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲೇ ಬರಬೇಕು. ಪರಿವರ್ತಕ ಅದನ್ನು ಸರಿಯಾಗಿ ಹಿಂದಕ್ಕೆ ಸರಿಸದಿದ್ದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಬರುತ್ತದೆ, 'ಧರ್ಮ' 'ಧಮರ್' ಆಗುತ್ತದೆ. ಇವು ಕಣ್ಣಿಗೆ ಬೀಳುವ ತಪ್ಪು. ಬೀಳದಿರುವುದು ದೀರ್ಘದ ತಪ್ಪು: 'ೇ' ಒಂದೇ ಸಂಕೇತವಾಗಿರುವ ಬದಲು 'ೆ' ಮತ್ತು ದೀರ್ಘದ ಗುರುತು ಎರಡಾಗಿ ಉಳಿದರೆ ಪರದೆಯ ಮೇಲೂ ಕಾಗದದ ಮೇಲೂ ಸರಿಯಾಗೇ ಕಾಣುತ್ತದೆ, ಆದರೆ ಕೆಲವು ತಂತ್ರಾಂಶಗಳಲ್ಲಿ ಹುಡುಕಿದರೆ ಪದ ಸಿಗುವುದಿಲ್ಲ. ಹಾಗಾಗಿ ಪರಿವರ್ತನೆಯ ಬೆನ್ನಿಗೇ ಕಡತವನ್ನು ನಾರ್ಮಲೈಸ್ ಮಾಡಿ (ಎರಡಾಗಿ ಒಡೆದ ಇಂಥ ಸಂಕೇತಗಳನ್ನು ಒಂದಾಗಿಸಿ), ಆಮೇಲೆ ಹುಡುಕಾಟಕ್ಕೆ ಇಳಿದರು. ಪದದ ಕೊನೆಯಲ್ಲಿ ಬರುವ 'ರ್', ಒಂಟಿಯಾಗಿ ನಿಂತ ಒತ್ತು, ಜೋಡಿ ಖಾಲಿ ಜಾಗ, ಚೌಕ ಡಬ್ಬಿ ಇವನ್ನು ಒಂದೊಂದಾಗಿ ಹುಡುಕಿ ತೆಗೆದರು. 'ರ್' ಕೊನೆಯಲ್ಲಿರುವ ಪದಗಳೆಲ್ಲ ತಪ್ಪಲ್ಲ, 'ಕಾರ್', 'ಸೆಮಿಸ್ಟರ್' ಇವೆಯಲ್ಲ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಗುಂಡಿ ಒತ್ತಬಾರದು.

ಯಂತ್ರದ ತಪ್ಪು ಪೂರ್ತಿ ಹೋದ ಮೇಲೆಯೇ ಭಾಷೆಯ ಓದು. ಈ ಪ್ರಕರಣದಲ್ಲಿ ಬೇರೆಯವರೂ ಹಿಡಿದುಕೊಳ್ಳಬೇಕಾದ ಕ್ರಮ ಇದೊಂದೇ ಎಂದರೂ ತಪ್ಪಲ್ಲ. ಎರಡು ಓದನ್ನೂ ಒಟ್ಟಿಗೆ ಮಾಡಿದ್ದರಿಂದಲೇ 'ಮುಂದ' ಎಂಬ ಸರಿಯಾದ ಮಾತು ಬಿದ್ದುಹೋದ ಎತ್ವದ ಸಾಲಿಗೆ ಸೇರಿತ್ತು.

ಹೋಲಿಕೆಯ ಓದಿಗೆ ಇಬ್ಬರು ಕೂತರು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ, ಅಲ್ಪವಿರಾಮ, ಪ್ಯಾರಾ ಸಮೇತ ಹೇಳುತ್ತಾ ಓದುವುದು. ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ನೋಡುವುದು. ಗಟ್ಟಿಯಾಗಿ ಓದಲು ಕಥೆಗಾರನನ್ನು ಕೂರಿಸಬಾರದು. ಅವನು ಹಾಳೆ ನೋಡದೆ ನೆನಪಿನಿಂದ ಓದಿಬಿಡುತ್ತಾನೆ. ಪೀಣ್ಯದ ಕಥೆಯನ್ನು ಯಾದಗಿರಿ ಕಡೆಯ ಸಹಪಾಠಿ ಓದಿದಳು, ಕರಡು ನೋಡಿದವರು ಬೆಂಗಳೂರಿನವರು. ಕರಡಿನಲ್ಲಿ ಕೆಂಪು ಗುರುತು ಡಿಟಿಪಿಗೆ. ಪೆನ್ಸಿಲ್ ಗುರುತು ಕಥೆಗಾರನಿಗೆ ಪ್ರಶ್ನೆ. ಕೆಂಪು ಇದ್ದದ್ದನ್ನು ಮಾತ್ರ ಡಿಟಿಪಿಯವರು ಮುಟ್ಟಬೇಕು.

ಪ್ರತಿ ಕಥೆಗೆ ಅರ್ಧ ಪುಟದ ಭಾಷಾ ಚೀಟಿ ಮಾಡಿದ್ದು ಅಧ್ಯಾಪಕಿಯ ಕೆಲಸ. ನಮ್ಮ ಕಣ್ಣಿಗೆ ಇಡೀ ಪುಸ್ತಕದಲ್ಲಿ ಸಂಪಾದಕಿಯಾಗಿ ಅವರು ಮಾಡಿದ ದೊಡ್ಡ ಕೆಲಸವೂ ಇದೇ. ಪೀಣ್ಯದ ಕಥೆಯ ಚೀಟಿಯಲ್ಲಿ ಹೀಗಿತ್ತು: 1ರಿಂದ 3ನೇ ಭಾಗ, ನಿರೂಪಣೆ ಮತ್ತು ಸಂಭಾಷಣೆ ಎರಡರಲ್ಲೂ 'ಲಕತ್ತ', 'ಮನಿಗಿ', 'ಯಾರಿಗಿ', 'ಮುಂದ', 'ಕುಂತಾಳ'. 4ನೇ ಭಾಗ, ಶಾಲೆಯ ವಿಷಯ ಬರುವ ವಾಕ್ಯಗಳಲ್ಲಷ್ಟೇ ಬೆಂಗಳೂರಿನ ರೂಪ. 5ನೇ ಭಾಗ, ಹುಡುಗನ ನಿರೂಪಣೆ 'ಮನೆಗೆ', 'ಬರ್ತಾಳೆ'. ತಾಯಿಯ ಮಾತು ಎಲ್ಲೂ ಬದಲಾಗುವುದಿಲ್ಲ. 'ಮಿಷಿನ್' ಎಲ್ಲ ಕಡೆ ಹಾಗೇ.

ಇಡೀ ಸಂಕಲನಕ್ಕೆ ಇನ್ನೊಂದು ಚೀಟಿ: ಅಂಕಿಗಳು, ಉದ್ಧರಣ ಚಿಹ್ನೆ, ಊರುಗಳ ಹೆಸರು, ಇಂಗ್ಲಿಷ್ ಪದಗಳ ಕಾಗುಣಿತ, ಅಷ್ಟೇ. ಇದು ಸಂಪಾದಕರ ಒಂದೇ ಬಗೆಯ ಕನ್ನಡವನ್ನು 14 ಜನರ ಮೇಲೆ ಹೇರುವ ಚೀಟಿಯಾಗದಂತೆ ನೋಡಿಕೊಳ್ಳಬೇಕು.

ಚೀಟಿ ಹಿಡಿದು ಓದಿದಾಗ ಪೆನ್ಸಿಲ್ ಪ್ರಶ್ನೆಗಳು ಎದ್ದವು. "ಇಲ್ಲಿ 'ಮನೆಗೆ' ಇದೆ, ಹಿಂದಿನ ಪುಟದಲ್ಲಿ 'ಮನಿಗಿ'. ಬೇಕೆಂದೇ?" ಎರಡನೇ ಭಾಗದಲ್ಲಿ ಕೆಲವು ಕಡೆ ಕಥೆಗಾರನೇ ಕೈತಪ್ಪಿ ಬರಹದ ರೂಪ ಬಳಸಿದ್ದ, ನಾಲ್ಕೈದು ವರ್ಷದಿಂದ ಬೆಂಗಳೂರಿನಲ್ಲಿ ಓದುತ್ತಿರುವವನ ಕೈಗೆ ಅದು ಬಂದುಬಿಡುತ್ತದೆ. ಅವನ್ನು ಅವನೇ ತಿದ್ದಿದ. ಅಲ್ಲಿಗೆ ಕರಡು ತಿದ್ದಿದವರ ಅನುಮಾನವೂ ಪೂರ್ತಿ ಸುಳ್ಳಾಗಿರಲಿಲ್ಲ. ಅನುಮಾನ ಬಂದ ಕಡೆ ತಿದ್ದುವ ಬದಲು ಕೇಳಿದ್ದರೆ ಮೊದಲ ಕರಡಿನಲ್ಲೇ ಎರಡೂ ಕೆಲಸ ಮುಗಿಯುತ್ತಿತ್ತು.

ಕಾಗದದ ಮೇಲಿನ ಒಪ್ಪಿಗೆ

ವಿದ್ಯಾರ್ಥಿ ಕಥೆ ವಾಪಸ್ ಕೇಳಿದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಯಾರ ಹತ್ತಿರವೂ ಲಿಖಿತ ಅನುಮತಿ ಪಡೆದಿರಲಿಲ್ಲ. ತರಗತಿಗೆ ಸಲ್ಲಿಸಿದ ಕಥೆ ಎಂದರೆ ಪ್ರಕಟಣೆಗೆ ಕೊಟ್ಟ ಕಥೆ ಎಂದು ಎಲ್ಲರೂ ಭಾವಿಸಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಒಡೆಯ ಬರೆದವನೇ. ವಿದ್ಯಾರ್ಥಿ ಕಾಲೇಜಿನ ನೌಕರನಲ್ಲ, ಅಸೈನ್‌ಮೆಂಟ್ ಎಂದು ಬರೆಸಿದ ಮಾತ್ರಕ್ಕೆ ಹಕ್ಕು ಸಂಸ್ಥೆಗೆ ಹೋಗುವುದಿಲ್ಲ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ ಎಂದೂ 19ನೇ ಕಲಮು ಹೇಳುತ್ತದೆ. 57ನೇ ಕಲಮು ಇನ್ನೂ ಮುಖ್ಯ: ಹಕ್ಕು ಬರೆದುಕೊಟ್ಟ ಮೇಲೂ, ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಲೇಖಕ ತಡೆಯಬಹುದು.

ಹಕ್ಕಿನ ವರ್ಗಾವಣೆಯೇ ಬೇಡವೆಂದು ತೀರ್ಮಾನಿಸಿ, ಒಂದು ಪುಟದ ಪರವಾನಗಿ ಪತ್ರ ಮಾಡಿದರು. ಈ ಸಂಕಲನದ ಮುದ್ರಿತ ಮೊದಲ ಆವೃತ್ತಿಗೆ ಮಾತ್ರ. ಕಥೆಗಾರ ಅದೇ ಕಥೆಯನ್ನು ತನ್ನ ಸಂಕಲನದಲ್ಲಿ ಯಾವಾಗ ಬೇಕಾದರೂ ಸೇರಿಸಬಹುದು. ಕಾಗುಣಿತ ಬಿಟ್ಟು ಉಳಿದ ಯಾವ ಬದಲಾವಣೆಗೂ ಅವನ ಸಹಿ ಬೇಕು. ತಲಾ 5 ಗೌರವ ಪ್ರತಿ. ಇ-ಪುಸ್ತಕಕ್ಕೆ ಬೇರೆ ಪತ್ರ, ಅದಕ್ಕೆ ಐಎಸ್‌ಬಿಎನ್ ಕೂಡ ಬೇರೆಯೇ ಬೇಕಾಗುತ್ತದೆ. ಪೀಣ್ಯದ ಕಥೆಗಾರ ಮೂರನೇ ಕರಡು ಓದಿದ ಮೇಲೆ ಸಹಿ ಹಾಕಿದ.

ಮೂರು ಪುಟದ ಲೆಕ್ಕ

ಮರುಜೋಡಣೆಯಲ್ಲಿ ಕಥೆಗಳ ಭಾಗ 161 ಪುಟದಿಂದ 164ಕ್ಕೆ ಏರಿತು. ಶೀರ್ಷಿಕೆ, ಪ್ರಕಾಶನ ವಿವರ, ಪರಿವಿಡಿಗೆ 6, ಮುನ್ನುಡಿಗೆ 7, ಕಥೆಗಾರರ ಪರಿಚಯಕ್ಕೆ 2 ಸೇರಿ ಒಟ್ಟು 179. ಪುಸ್ತಕ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ: 176 ಪುಟ ಎಂದರೆ ಸರಿಯಾಗಿ 11 ಫಾರಂ. ಮೂರು ಪುಟ ಹೆಚ್ಚಾದರೆ ಹನ್ನೆರಡನೇ ಫಾರಂ ತೆರೆಯಬೇಕು, ಅದರಲ್ಲಿ 13 ಪುಟ ಖಾಲಿ. 23×36 ಇಂಚಿನ ಡಬಲ್ ಡೆಮಿ ಹಾಳೆಯೊಂದರಲ್ಲಿ 32 ಪುಟ ಬರುತ್ತದೆ. 176 ಪುಟಕ್ಕೆ ಪ್ರತಿಗೆ ಐದೂವರೆ ಹಾಳೆ, 500 ಪ್ರತಿಗೆ 2,750 ಹಾಳೆ, ಅಂದರೆ 500 ಹಾಳೆಯ ರೀಮಿನಲ್ಲಿ ಐದೂವರೆ ರೀಮು. ಹಾಳಾಗುವುದಕ್ಕೆಂದು ಸೇರಿಸಿ 6 ರೀಮು ತರಿಸಿದ್ದಾಗಿತ್ತು. ಇನ್ನೊಂದು ಫಾರಂ ಎಂದರೆ ಇನ್ನೂ ಅರ್ಧ ರೀಮು, ಜೊತೆಗೆ ಪ್ಲೇಟು, ಅಚ್ಚು, ಮಡಿಕೆಯ ಖರ್ಚು.

ಅಕ್ಷರದ ಗಾತ್ರ ಇಳಿಸೋಣ ಎಂದು ಪ್ರಕಾಶಕರು ಹೇಳಿದರು. ಕನ್ನಡದಲ್ಲಿ ಇದು ದುಬಾರಿ ಉಳಿತಾಯ. ಒತ್ತಿನ ಕೆಳಗೆ ಜಾಗ ಬೇಕು. ಸಾಲುಗಳ ನಡುವಿನ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಧ್ಯಾಪಕಿ ತಮ್ಮ ಮುನ್ನುಡಿಯನ್ನು 7 ಪುಟದಿಂದ 4ಕ್ಕೆ ಇಳಿಸಿದರು. ಹೋದದ್ದು ಸಣ್ಣಕಥೆಯ ಇತಿಹಾಸದ ಭಾಗ, ಉಳಿದದ್ದು ಈ 14 ಕಥೆಗಳ ಬಗೆಗಿನ ಮಾತು. ಪುಸ್ತಕಕ್ಕೆ ಅದರಿಂದ ಒಳ್ಳೆಯದೇ ಆಯಿತು.

ಐಎಸ್‌ಬಿಎನ್‌ಗೆ ಅರ್ಜಿ ಹೋಗುವುದು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಗೆ, ಶುಲ್ಕವಿಲ್ಲ. ಅಚ್ಚಾದ 30 ದಿನದೊಳಗೆ 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕಳಿಸಬೇಕು. ಸಣ್ಣ ಪ್ರಕಾಶನಗಳು ಇದನ್ನು ಮರೆಯುವುದುಂಟು. 500ರಲ್ಲಿ ಈ 4 ಮತ್ತು 70 ಗೌರವ ಪ್ರತಿ ಕಳೆದು ಮಾರಾಟ, ವಿಮರ್ಶೆಗೆಂದು ಉಳಿದದ್ದು 426.

ಆ ಮೇಲೆ

ಭಾಷೆಯ ಓದಿಗೆ ಪುಟದ ಲೆಕ್ಕದಲ್ಲಿ ಪ್ರತ್ಯೇಕ ಸಂಭಾವನೆ ಕೊಡಬೇಕೆಂದು ಪ್ರಕಾಶನ ಒಪ್ಪಿತು. ಆ ಹಣಕ್ಕೆ ಬಿಡುಗಡೆ ಸಮಾರಂಭದ ಶಾಲು, ಹಾರ, ಸ್ಮರಣಿಕೆಯ ಬಾಬ್ತನ್ನು ಕಡಿತ ಮಾಡಿದರು. ಮೊದಲು ಕರಡು ತಿದ್ದಿದವರನ್ನೇ ಮೂರನೇ ಕರಡಿಗೂ ಕರೆದರು, ಈ ಸಲ ಮೂಲಪ್ರತಿ, ಚೀಟಿ, ಪೆನ್ಸಿಲ್ ಸಮೇತ. ಅವರ ಕೈಯಿಂದಲೇ ಅತಿ ಹೆಚ್ಚು ಉಪಯುಕ್ತ ಪ್ರಶ್ನೆಗಳು ಬಂದವು. ಪ್ರಕಾಶನ ವಿವರದ ಪುಟದಲ್ಲಿ ಅವರ ಹೆಸರು ಅಚ್ಚಾಗಿದೆ.

ಐಚ್ಛಿಕ ಪತ್ರಿಕೆಯ ಕ್ರಮದಲ್ಲೂ ಎರಡು ಬದಲಾವಣೆ ಆಯಿತು. ಅಂಕಗಳನ್ನು ವಿಭಾಗಕ್ಕೆ ಕೊಟ್ಟು ಮುಗಿಸಿದ ಮೇಲೆಯೇ ಸಂಕಲನದ ಆಯ್ಕೆ ಶುರು, ಆಯ್ಕೆ ಮಾಡುವವರು ಹೆಸರು ಮುಚ್ಚಿದ ಪ್ರತಿಗಳನ್ನು ಓದುವ ಹೊರಗಿನ ಇಬ್ಬರು. ಇನ್ನು ಆಂತರಿಕ ಅಂಕಗಳ ಒಂದು ಭಾಗ ಸಂಪಾದನೆಯ ಅಭ್ಯಾಸಕ್ಕೆ: ಪ್ರತಿ ವಿದ್ಯಾರ್ಥಿ ತನ್ನದಲ್ಲದ ಸೀಮೆಯ ಸಹಪಾಠಿಯ ಕಥೆಗೆ ಭಾಷಾ ಚೀಟಿ ಮಾಡಿ, ಪೆನ್ಸಿಲ್‌ನಲ್ಲಿ ಪ್ರಶ್ನೆ ಬರೆದು, ಕಥೆಗಾರನ ಉತ್ತರದೊಂದಿಗೆ ಒಪ್ಪಿಸಬೇಕು. ಪ್ರಶ್ನೆ ಕೇಳದೆ ಪಠ್ಯವನ್ನೇ ತಿದ್ದಿದ ಚೀಟಿಗೆ ಅಂಕವಿಲ್ಲ.